ಟೀಚರಮ್ಮನ ಟಪಾಲು: ಅಪ್ಪಂದಿರ ದಿನ ಯಾರು ತಂದದ್ದು?

ಜೂನ್ ಬಂತು ಅಂದರೆ ನನ್ನ ಟಪಾಲಿನಲ್ಲಿ ಎರಡೇ ವಿಷಯ. ಒಂದು ಶಾಲೆ ಫೀಸು, ಇನ್ನೊಂದು ಫಾದರ್ಸ್ ಡೇ. ಫೀಸಿನ ಬಗ್ಗೆ ನಾನು ಬರೆದು ಏನೂ ಆಗುವುದಿಲ್ಲ. ಹಾಗಾಗಿ ಈ ಸಲ ಅಪ್ಪಂದಿರ ಕಾಗದಗಳನ್ನೇ ಆರಿಸಿಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಉತ್ತರ ಉದ್ದವಾದರೆ ಬೈಕೋಬೇಡಿ.

ಫಾದರ್ಸ್ ಡೇ ಅನ್ನೋದು ಗ್ರೀಟಿಂಗ್ ಕಾರ್ಡ್ ಕಂಪನಿಗಳು ವ್ಯಾಪಾರಕ್ಕೆ ಹುಟ್ಟುಹಾಕಿದ್ದು ಅಂತ ನಮ್ಮಣ್ಣ ವಾದ ಮಾಡ್ತಾನೆ. ನಿಜಾನಾ ಟೀಚರ್?
– ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಕಾರ್ಡಿನವರು ಬಂದದ್ದು ಆಮೇಲೆ ಅಂತ ನಿಮ್ಮಣ್ಣನಿಗೆ ಹೇಳಮ್ಮ. ಮೊದಲು ಬಂದವಳು ಒಬ್ಬ ಮಗಳು.

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಅನ್ನೋ ರಾಜ್ಯ ಇದೆ. ರಾಜಧಾನಿ ವಾಷಿಂಗ್ಟನ್ ಬೇರೆ, ಅದು ದೇಶದ ಇನ್ನೊಂದು ತುದಿಯಲ್ಲಿದೆ. ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಇಲ್ಲೇ ಎಡವುತ್ತಿದ್ದರು. ಈ ರಾಜ್ಯದ ಪೂರ್ವದ ಅಂಚಿನಲ್ಲಿರುವ ಊರು ಸ್ಪೋಕ್ಯಾನ್. 1909ರ ಮಾತು. ಅಮ್ಮಂದಿರ ದಿನಕ್ಕೆಂದು ಅಲ್ಲಿನ ಸೆಂಟ್ರಲ್ ಮೆಥಡಿಸ್ಟ್ ಚರ್ಚಿನಲ್ಲಿ ಪಾದ್ರಿ ತಾಯಿಯ ಹಿರಿಮೆಯ ಬಗ್ಗೆ ಪ್ರವಚನ ಮಾಡುತ್ತಿದ್ದರು. ಕೇಳುತ್ತಾ ಕೂತವರಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಕೂಡ ಇದ್ದಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ.

ಅವಳು ಹುಟ್ಟಿದ್ದು 1882ರಲ್ಲಿ, ಆರ್ಕನ್ಸಾ ರಾಜ್ಯದಲ್ಲಿ. ಅವಳು ಚಿಕ್ಕವಳಿದ್ದಾಗಲೇ ಮನೆಯವರು ಪಶ್ಚಿಮಕ್ಕೆ ಬಂದು ಸ್ಪೋಕ್ಯಾನ್ ಹತ್ತಿರದ ಕ್ರೆಸ್ಟನ್ ಎಂಬಲ್ಲಿ ಹೊಲ ಮಾಡಿಕೊಂಡರು. ಅಪ್ಪನ ಹೆಸರು ವಿಲಿಯಂ ಜಾಕ್ಸನ್ ಸ್ಮಾರ್ಟ್. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿ ಬಂದ ಸೈನಿಕ, ಆಮೇಲೆ ರೈತ. 1898ರಲ್ಲಿ ಆರನೇ ಹೆರಿಗೆಯಲ್ಲಿ ಸೊನೋರಾಳ ತಾಯಿ ಎಲೆನ್ ತೀರಿಕೊಂಡಳು. ಸೊನೋರಾಗೆ ಆಗ ಹದಿನಾರು. ಅವಳ ಕೆಳಗೆ ಐವರು ತಮ್ಮಂದಿರು, ಕೊನೆಯದು ಇನ್ನೂ ಕೈಗೂಸು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ಯಾಕೆಟ್ ಹಾಲಿಲ್ಲ, ಗ್ಯಾಸ್ ಒಲೆ ಇಲ್ಲ, ಬಟ್ಟೆ ಒಗೆಯುವ ಮಷೀನಿಲ್ಲ. ಹೊರಗೆ ಹೊಲದ ಕೆಲಸ, ಒಳಗೆ ಅಳುವ ಕೂಸು. ಮಕ್ಕಳನ್ನು ನೆಂಟರ ಮನೆಗಳಿಗೆ ಒಬ್ಬೊಬ್ಬರಂತೆ ಹಂಚಿಬಿಟ್ಟಿದ್ದರೂ ಆ ಕಾಲದಲ್ಲಿ ಯಾರೂ ತಪ್ಪು ಅನ್ನುತ್ತಿರಲಿಲ್ಲ. ವಿಲಿಯಂ ಹಾಗೆ ಮಾಡಲಿಲ್ಲ. ಎಲ್ಲರನ್ನೂ ತನ್ನ ಬಳಿಯೇ ಇಟ್ಟುಕೊಂಡು ಬೆಳೆಸಿದ. ದೊಡ್ಡ ಮಗಳು ಕೈಜೋಡಿಸಿದಳು. ಅಂದರೆ ಆ ಮನುಷ್ಯ ದಿನಾ ಬೆಳಗ್ಗೆ ಎದ್ದು ಏನೇನು ಮಾಡುತ್ತಿದ್ದ ಅನ್ನುವುದನ್ನು ಪಕ್ಕದಲ್ಲಿ ನಿಂತು ನೋಡಿದವಳು ಅವಳು.

ಹಾಗಾಗಿ ಪ್ರವಚನ ಮುಗಿದ ಮೇಲೆ ಅವಳಿಗೆ ಅನ್ನಿಸಿದ್ದು ಸಹಜ: ಅಮ್ಮನಿಗೆ ಒಂದು ದಿನ ಇದೆ, ಅಪ್ಪನಿಗೆ ಯಾಕಿಲ್ಲ? ಅವಳು ಸುಮ್ನೆ ಅಂದುಕೊಂಡು ಮನೆಗೆ ಹೋಗಲಿಲ್ಲ. ಊರಿನ ಪಾದ್ರಿಗಳ ಒಕ್ಕೂಟಕ್ಕೆ ಮನವಿ ಕೊಟ್ಟಳು. ವೈಎಂಸಿಎ ಸಂಸ್ಥೆಯವರನ್ನು ಜೊತೆಗೆ ಹಿಡಿದಳು. ಜೂನ್ 5 ಅಪ್ಪನ ಹುಟ್ಟುಹಬ್ಬ, ಅವತ್ತೇ ಆಗಲಿ ಅಂತ ಕೇಳಿದಳು. ಪಾದ್ರಿಗಳು ಒಪ್ಪಿದರು, ಆದರೆ ಪ್ರವಚನ ಬರೆದುಕೊಳ್ಳಲು ಇನ್ನೂ ಸ್ವಲ್ಪ ಟೈಮ್ ಬೇಕು ಅಂದರು! ಜೂನ್ ತಿಂಗಳ ಮೂರನೇ ಭಾನುವಾರ ಬಂದದ್ದು ಹೀಗೆ. ಪಂಚಾಂಗವೂ ಇಲ್ಲ, ಪುರಾಣವೂ ಇಲ್ಲ. ಕೆಲವು ಪಾದ್ರಿಗಳ ಹೋಮ್‌ವರ್ಕ್ ಮುಗಿದಿರಲಿಲ್ಲ, ಅಷ್ಟೇ.

1910ರ ಜೂನ್ 19ರಂದು ಸ್ಪೋಕ್ಯಾನಿನಲ್ಲಿ ಮೊದಲ ಅಪ್ಪಂದಿರ ದಿನ ನಡೆಯಿತು. ಅಪ್ಪ ಬದುಕಿದ್ದವರು ಕೆಂಪು ಗುಲಾಬಿ ಮುಡಿದರು, ತೀರಿಕೊಂಡವರ ಮಕ್ಕಳು ಬಿಳಿ ಗುಲಾಬಿ. ಮನೆಯಿಂದ ಹೊರಗೆ ಬರಲಾಗದ ಅಪ್ಪಂದಿರಿಗೆ ಸೊನೋರಾ ತಾನೇ ಕುದುರೆಗಾಡಿಯಲ್ಲಿ ಉಡುಗೊರೆ ತಗೊಂಡು ಹೋದಳು ಅಂತ ಹೇಳುತ್ತಾರೆ. ವಿಲಿಯಂ ಸ್ಮಾರ್ಟ್ ಆಗ ಬದುಕಿದ್ದ. ಅವನು ತೀರಿಕೊಂಡದ್ದು 1919ರಲ್ಲಿ. ಮಗಳು ತನಗೋಸ್ಕರ ಊರನ್ನೇ ಎಬ್ಬಿಸಿದ್ದನ್ನು ಕಣ್ಣಾರೆ ನೋಡಿದ ಪುಣ್ಯಾತ್ಮ.

ನನಗೆ ಈ ಕತೆ ಯಾಕೆ ಹಿಡಿಸುತ್ತದೆ ಗೊತ್ತಾ? ಅಪ್ಪ ಅಂದರೆ ದೇವರು, ಆಕಾಶ, ಆಲದ ಮರ ಅಂತೆಲ್ಲ ಹೇಳಲು ಅವಳು ಹೊರಟವಳಲ್ಲ. ನಮ್ಮಪ್ಪ ಇಂಥಿಂಥ ಕೆಲಸ ಮಾಡಿದ್ದಾನೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ ಅಂತ ಹೊರಟವಳು.

ನಮ್ಮಪ್ಪ ಕೆಜಿಎಫ್ ಚಿನ್ನದ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು. ಅವರು ಶಿಫ್ಟ್ ಮುಗಿಸಿ ಮೇಲೆ ಬರೋವರೆಗೂ ಅಮ್ಮ ಊಟ ಮಾಡ್ತಿರಲಿಲ್ಲ. ಫಾದರ್ಸ್ ಡೇಗೂ ಒಂದು ಗಣಿ ದುರಂತಕ್ಕೂ ಸಂಬಂಧ ಇದೆ ಅಂತ ಯಾರೋ ಹೇಳಿದ್ರು. ಇದೆಯಾ?
– ಬ್ಯಾಂಕ್ ನೌಕರ, ಕೋಲಾರ

ಇದೆ. ಸ್ಪೋಕ್ಯಾನಿಗಿಂತ ಎರಡು ವರ್ಷ ಮೊದಲಿನದು. ಬಹಳ ಜನಕ್ಕೆ ಗೊತ್ತಿಲ್ಲ.

ಅಮೆರಿಕದ ಪೂರ್ವ ಭಾಗದ ವೆಸ್ಟ್ ವರ್ಜೀನಿಯಾ ರಾಜ್ಯ, ಗುಡ್ಡಗಾಡಿನ ಕಲ್ಲಿದ್ದಲ ಸೀಮೆ. ಅಲ್ಲಿ ಮೊನೊಂಗಾ ಅನ್ನುವ ಸಣ್ಣ ಊರು. 1907ರ ಡಿಸೆಂಬರ್ 6ರ ಬೆಳಗ್ಗೆ ಹತ್ತೂವರೆ ಹೊತ್ತಿಗೆ ಅಲ್ಲಿನ 6 ಮತ್ತು 8ನೇ ನಂಬರಿನ ಗಣಿಗಳು ಸ್ಫೋಟಗೊಂಡವು. ಸರ್ಕಾರಿ ಲೆಕ್ಕದ ಪ್ರಕಾರ ಸತ್ತವರು 361. ಅಮೆರಿಕದ ಗಣಿ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸಾವು ಇಲ್ಲ. ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಅನ್ನುವವರೇ ಹೆಚ್ಚು. ಯಾಕೆ ಅಂದರೆ, ಕೂಲಿ ಸಿಗುತ್ತಿದ್ದದ್ದು ಅಗೆದ ಇದ್ದಿಲ ತೂಕದ ಮೇಲೆ. ಹಾಗಾಗಿ ಕೆಲಸಗಾರರು ತಮ್ಮ ಗಂಡುಮಕ್ಕಳನ್ನೋ ನೆಂಟರನ್ನೋ ಸಹಾಯಕ್ಕೆ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ. ಸತ್ತವರಲ್ಲಿ ಬಹಳಷ್ಟು ಜನ ಇಟಲಿಯಿಂದ, ಪೋಲೆಂಡ್ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಸುಮಾರು 250 ಜನ ಮಕ್ಕಳೊಂದಿಗರು. ಒಂದೇ ಬೆಳಗ್ಗೆ ಸಾವಿರದಷ್ಟು ಮಕ್ಕಳಿಗೆ ಅಪ್ಪ ಇಲ್ಲದಂತಾಯಿತು. ಒಂದು ಸಣ್ಣ ಊರಿನಲ್ಲಿ ಸಾವಿರ ಮಕ್ಕಳು ಅಂದರೆ ಪ್ರತಿ ಬೀದಿ, ಪ್ರತಿ ಮನೆ ಅಂತಲೇ ಅರ್ಥ. ನಿಮ್ಮ ತಾಯಿ ಊಟ ಬಿಟ್ಟು ಕಾದದ್ದು ಯಾಕೆ ಅಂತ ಆ ಊರಿನ ಹೆಂಗಸರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಪಕ್ಕದ ಊರು ಫೇರ್‌ಮಾಂಟ್. ಅಲ್ಲಿ ಗ್ರೇಸ್ ಗೋಲ್ಡನ್ ಕ್ಲೇಟನ್ ಅನ್ನುವ ಹೆಂಗಸು ಇದ್ದರು. ಅವರ ಸ್ವಂತ ತಂದೆ ಪಾದ್ರಿಯಾಗಿದ್ದವರು, ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಗಣಿಯ ಮಕ್ಕಳನ್ನು ನೋಡಿ ಆಕೆಗೆ ತನ್ನ ತಂದೆಯ ನೆನಪು ಒತ್ತಿ ಬಂತು. ಸತ್ತ ಈ ಅಪ್ಪಂದಿರ ನೆನಪಿಗೆ ಒಂದು ಪ್ರಾರ್ಥನೆ ಇಡಿ ಅಂತ ಚರ್ಚಿನ ಪಾದ್ರಿ ರಾಬರ್ಟ್ ವೆಬ್ ಅವರನ್ನು ಕೇಳಿದರು. 1908ರ ಜುಲೈ 5, ಭಾನುವಾರ ಅದು ನಡೆಯಿತು. ಅದೇ ರಾಜ್ಯದ, ಹತ್ತಿರದಲ್ಲೇ ಇರುವ ಗ್ರಾಫ್ಟನ್ನಿನಲ್ಲಿ ಅದೇ ವರ್ಷ ಮೇ 10ಕ್ಕೆ ಆನಾ ಜಾರ್ವಿಸ್ ಎಂಬಾಕೆ ಮೊದಲ ಅಮ್ಮಂದಿರ ದಿನ ಮಾಡಿಸಿದ್ದಳು. ಎರಡೇ ತಿಂಗಳ ಅಂತರ.

ಹಾಗಿದ್ದರೆ ಗ್ರೇಸ್ ಹೆಸರು ಯಾಕೆ ಉಳಿಯಲಿಲ್ಲ? ಹಿಂದಿನ ದಿನ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಊರೆಲ್ಲ ಆ ಗಲಾಟೆಯಲ್ಲಿ ಮುಳುಗಿತ್ತು. ಪ್ರಾರ್ಥನೆ ನಡೆಯಿತು, ಎಲ್ಲರೂ ಮನೆಗೆ ಹೋದರು, ಮಾರನೇ ವರ್ಷ ಯಾರೂ ಮತ್ತೆ ಮಾಡಲಿಲ್ಲ. ದುಃಖಕ್ಕೆ ಮಾಡಿದ ದಿನ ಅದು. ದುಃಖದ ದಿನವನ್ನು ವರ್ಷವರ್ಷ ಮಾಡಿಸಲು ಯಾರಿಗೆ ಮನಸ್ಸು ಬರುತ್ತದೆ? ಗ್ರೇಸ್ ಕೂಡ ಅದನ್ನು ಎತ್ತಿಕೊಂಡು ಊರೂರು ತಿರುಗಲಿಲ್ಲ. ಈಗ ಫೇರ್‌ಮಾಂಟಿನಲ್ಲಿ ಅದರ ನೆನಪಿಗೆ ಒಂದು ಫಲಕ ಇದೆ. ನನ್ನನ್ನು ಕೇಳಿದರೆ ಮೊದಲ ಅಪ್ಪಂದಿರ ದಿನ ಅದೇ. ಆದರೆ ಹಬ್ಬವಾಗಿ ಉಳಿದದ್ದು ಸೊನೋರಾಳದ್ದು.

ಅಮ್ಮಂದಿರ ದಿನ ಹೋಟೆಲಿಗೆ ಹೋದ್ರೆ ಅಪ್ಪ ಬಿಲ್ ಕೊಡ್ತಾರೆ. ಅಪ್ಪಂದಿರ ದಿನ ಹೋದ್ರೂ ಅಪ್ಪನೇ ಕೊಡ್ತಾರೆ. ಇದು ನ್ಯಾಯಾನಾ?
– ಪಿಯುಸಿ ವಿದ್ಯಾರ್ಥಿ, ಮಂಡ್ಯ

ನಿನಗೆ ಕೆಲಸ ಸಿಗುವವರೆಗೂ ನ್ಯಾಯ. ಆಮೇಲೆ ಅಲ್ಲ.

ಅಪ್ಪನಿಗೆ ಕಾರ್ಡ್ ಕೊಡಬೇಕು ಅಂತಿದೀನಿ. ನೆಟ್ಟಲ್ಲಿ ಸಿಗೋ ಸಾಲುಗಳೆಲ್ಲ ಒಂದೇ ಥರ. ಏನು ಬರೀಲಿ?
– ನರ್ಸಿಂಗ್ ವಿದ್ಯಾರ್ಥಿನಿ, ಹಾಸನ

ನೆಟ್ ಮುಚ್ಚು ತಾಯಿ. ನಿಮ್ಮಪ್ಪ ಮಾಡಿದ ಒಂದು ಕೆಲಸ ಬರಿ. ಒಂದೇ ಒಂದು. ಬೇರೆ ಯಾವ ಅಪ್ಪನಿಗೂ ಹೊಂದದ ಹಾಗಿರಬೇಕು.

ನನ್ನದು ಹೇಳುತ್ತೇನೆ. ನಮ್ಮಪ್ಪ ತಿಪಟೂರಿನಲ್ಲಿ ಟೈಲರ್. ಕೊಬ್ಬರಿ ಮಂಡಿಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಅಂಗಡಿ, ಒಂದು ಮಷೀನು. ನಾವು ಮೂರು ಜನ ಹೆಣ್ಣುಮಕ್ಕಳು. ಶಾಲೆಯ ಲಂಗ ಹೊಲಿಯುವಾಗ ಕೆಳಗೆ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಚಿ ಹೊಲಿಯುತ್ತಿದ್ದರು. ಜೂನ್‌ನಲ್ಲಿ ಶಾಲೆ ಶುರುವಾಗುವ ಹಿಂದಿನ ರಾತ್ರಿ, ಗಿರಾಕಿಗಳ ಬಟ್ಟೆಯೆಲ್ಲ ಮುಗಿದ ಮೇಲೆ, ನಮ್ಮನ್ನು ನಿಲ್ಲಿಸಿ ಅಳತೆ ನೋಡಿ ಒಂದು ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದ ಕಡೆ ಬಟ್ಟೆಯ ಬಣ್ಣ ಗಾಢವಾಗಿ ಒಂದು ಗೆರೆ ಉಳಿಯುತ್ತಿತ್ತು. ಅದು ಕಾಣಬಾರದು ಅಂತ ಅದರ ಮೇಲೆ ಒಂದು ಸಣ್ಣ ಪಟ್ಟಿ ಇಟ್ಟು ಹೊಲಿಯುತ್ತಿದ್ದರು. ಸ್ಕೂಲಲ್ಲಿ ಹುಡುಗಿಯರು ಅದನ್ನು ಹೊಸ ಫ್ಯಾಷನ್ ಅಂದುಕೊಂಡರು! ಒಬ್ಬಳು ತನ್ನ ಹೊಸ ಲಂಗಕ್ಕೂ ಹಾಗೇ ಪಟ್ಟಿ ಹಾಕಿಕೊಡಿ ಅಂತ ಅಪ್ಪನ ಹತ್ತಿರವೇ ಬಂದಳು. ಅವರು ಅದಕ್ಕೆ ನಾಲ್ಕಾಣೆ ಜಾಸ್ತಿ ತಗೊಂಡರು.

ನಮ್ಮಪ್ಪ ನನಗೆ ‘ನಿನ್ನನ್ನು ಪ್ರೀತಿಸ್ತೀನಿ’ ಅಂತ ಯಾವತ್ತೂ ಹೇಳಿದವರಲ್ಲ. ಹೇಳಿದ್ದರೆ ನಾನು ಹೆದರಿಕೊಳ್ಳುತ್ತಿದ್ದೆ. ನೀನು ಕಾರ್ಡಿನಲ್ಲಿ ಅಂಥದ್ದೊಂದು ಬರಿ. ಹಾಸ್ಟೆಲಿಗೆ ಬಿಡಲು ಬಂದಾಗ ಫ್ಯಾನಿನ ಸ್ಕ್ರೂ ಟೈಟ್ ಮಾಡಿದ್ದು, ಚಪಾತಿಗೆ ಎಣ್ಣೆ ಜಾಸ್ತಿ ಅಂತ ವಾರ್ಡನ್ ಹತ್ತಿರ ಜಗಳವಾಡಿದ್ದು, ಏನಾದರೂ ಇದ್ದೇ ಇರುತ್ತದೆ.

ನಾನು ಅಡಿಕೆ ತೋಟದವ. ಬೆಂಗಳೂರಲ್ಲಿ ಐಟಿ ಕೆಲಸದಲ್ಲಿರುವ ಮಗಳು ಹೋದ ವರ್ಷ ಫಾದರ್ಸ್ ಡೇಗೆ ಅಂತ ಟೈ ಕಳಿಸಿದ್ದಾಳೆ. ತೋಟಕ್ಕೆ ಹಾಕಿಕೊಂಡು ಹೋಗಲೇ? ಇಷ್ಟಕ್ಕೂ ಅಪ್ಪನಿಗೆ ಟೈ ಅನ್ನೋದು ಎಲ್ಲಿಂದ ಬಂತು?
– ಕೃಷಿಕ, ಶಿರಸಿ

ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಮಾತ್ರ ಬೇಡ, ಬೋರ್ಡೋ ದ್ರಾವಣದ ನೀಲಿ ಕಲೆ ಹೋಗುವುದಿಲ್ಲ. ಮಿಕ್ಕ ದಿನ ನಿಮ್ಮಿಷ್ಟ.

ಟೈ ಎಲ್ಲಿಂದ ಬಂತು ಅನ್ನುವುದರಲ್ಲಿ ಒಂದು ಕತೆ ಇದೆ. ದಾವಣಗೆರೆಯ ಹುಡುಗಿಯ ಅಣ್ಣನ ವಾದಕ್ಕೆ ಸ್ವಲ್ಪ ಬಲ ಸಿಗುವುದೂ ಇಲ್ಲೇ.

1920ರ ದಶಕದಲ್ಲಿ ಸೊನೋರಾ ಚಿತ್ರಕಲೆ ಓದಲು ಷಿಕಾಗೋಗೆ ಹೋದಳು. ಅವಳು ಆ ಕಡೆ ಹೋಗಿದ್ದೇ ತಡ, ಸ್ಪೋಕ್ಯಾನಿನ ಅಪ್ಪಂದಿರ ದಿನ ಮಂಕಾಯಿತು. 1930ರ ದಶಕದಲ್ಲಿ ವಾಪಸ್ ಬಂದು ಮತ್ತೆ ಹೋರಾಟಕ್ಕಿಳಿದಳು. ಈ ಸಲ ಪಾದ್ರಿಗಳನ್ನು ಮಾತ್ರ ನಂಬಿಕೊಳ್ಳಲಿಲ್ಲ. ಟೈ ಮಾಡುವವರು, ತಂಬಾಕಿನ ಪೈಪ್ ಮಾಡುವವರು, ಗಂಡಸರ ಬಟ್ಟೆ ವ್ಯಾಪಾರಿಗಳು, ಇಂಥವರ ಬೆಂಬಲ ತಗೊಂಡಳು. 1938ರಲ್ಲಿ ನ್ಯೂಯಾರ್ಕಿನ ಗಂಡಸರ ಉಡುಪಿನ ವ್ಯಾಪಾರಿಗಳು ಈ ದಿನದ ಪ್ರಚಾರಕ್ಕೆಂದೇ ಒಂದು ಮಂಡಳಿ ಕಟ್ಟಿದರು. ಅಪ್ಪ ಅಂದರೆ ಟೈ ಅನ್ನುವ ಅಭ್ಯಾಸ ಗಟ್ಟಿಯಾದದ್ದು ಹೀಗೆ. ಅಮೆರಿಕದ ಅಪ್ಪಂದಿರು ಅದನ್ನು ನೋಡಿ ನಕ್ಕರು. ಮಕ್ಕಳು ತಂದ ಉಡುಗೊರೆಯ ದುಡ್ಡು ಕೊನೆಗೆ ತಮ್ಮ ಜೇಬಿಂದಲೇ ಹೋಗುತ್ತದಲ್ಲ ಅಂತ ಗೊಣಗಿದರು. ಮಂಡ್ಯದ ಹುಡುಗ ಗಮನಿಸಬೇಕು.

ವ್ಯಾಪಾರಿಗಳ ಸಹವಾಸ ಮಾಡಿದಳು ಅಂತ ಸೊನೋರಾಳನ್ನು ಬೈಯುವವರು ಇದ್ದಾರೆ. ನಾನು ಬೈಯುವುದಿಲ್ಲ. ಅಮ್ಮಂದಿರ ದಿನದ ಆನಾ ಜಾರ್ವಿಸ್ ಏನಾದಳು ನೋಡಿ. ತಾನು ತಂದ ದಿನವನ್ನು ಹೂವಿನ ಅಂಗಡಿಯವರು, ಮಿಠಾಯಿಯವರು, ಕಾರ್ಡಿನವರು ಕೆಡಿಸಿದರು ಅಂತ ಜೀವನವಿಡೀ ಜಗಳವಾಡಿದಳು. ತಾನೇ ಶುರು ಮಾಡಿದ ಹಬ್ಬವನ್ನು ನಿಲ್ಲಿಸಬೇಕು ಅಂತ ಓಡಾಡಿದಳು. ಇದ್ದ ದುಡ್ಡೆಲ್ಲ ಅದಕ್ಕೇ ಸುರಿದು, 1948ರಲ್ಲಿ ಒಂದು ಆರೈಕೆ ಕೇಂದ್ರದಲ್ಲಿ ಒಂಟಿಯಾಗಿ ಸತ್ತಳು. ಅವಳ ಮಾತಿನಲ್ಲಿ ಸತ್ಯ ಇತ್ತು, ಆದರೆ ಹೂವಿನ ಅಂಗಡಿಗಳು ಅವಳಿಗಿಂತ ಜಾಸ್ತಿ ಬಾಳಿದವು. ನಾನು ಅಂಗಡಿಯವನ ಮಗಳು. ಹಬ್ಬದ ಹಿಂದಿನ ವಾರ ನಮ್ಮಪ್ಪ ರಾತ್ರಿ ಎರಡು ಗಂಟೆವರೆಗೆ ಮಷೀನು ತುಳಿಯದಿದ್ದರೆ ನಮ್ಮ ಮನೆಯಲ್ಲಿ ಹಬ್ಬ ಇರುತ್ತಿರಲಿಲ್ಲ. ವ್ಯಾಪಾರ ಅಂದ ತಕ್ಷಣ ಮೂಗು ಮುರಿಯಲು ನನಗಾಗುವುದಿಲ್ಲ.

ಮಗಳಿಗೆ ಫೋನ್ ಮಾಡಿ, ಮುಂದಿನ ಸಲ ಗಮ್ ಬೂಟು ಕಳಿಸು ಅನ್ನಿ. ನಂಬರ್ ಹೇಳುವುದು ಮರೀಬೇಡಿ.

ಅಮ್ಮಂದಿರ ದಿನವನ್ನು ಅಮೆರಿಕ ಸರ್ಕಾರ 1914ರಲ್ಲೇ ಒಪ್ಪಿತು, ಅಪ್ಪಂದಿರದ್ದು 1972ರಲ್ಲಿ ಅಂತ ಓದಿದೆ. ಅಷ್ಟು ತಡ ಯಾಕೆ? ಅಲ್ಲೂ ಫೈಲು ಮೂವ್ ಆಗಲ್ವಾ?
– ನಿವೃತ್ತ ಗುಮಾಸ್ತ, ಬಾಗಲಕೋಟೆ

ಫೈಲು ಎಲ್ಲಾ ಕಡೆ ಒಂದೇ ಜಾತಿ ಸ್ವಾಮಿ. ಅಪ್ಪಂದಿರ ದಿನಕ್ಕೆ ಮೊದಲ ಮಸೂದೆ ಬಂದದ್ದು 1913ರಲ್ಲೇ. ಇದೆಲ್ಲ ಬರೀ ವ್ಯಾಪಾರ ಆಗಿಬಿಡುತ್ತದೆ ಅಂತ ಸಂಸತ್ತಿನವರು ಹಿಂದೇಟು ಹಾಕಿದರು. 1924ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಇದು ಒಳ್ಳೇದು, ರಾಜ್ಯಗಳು ಆಚರಿಸಲಿ ಅಂದರು. ಆದರೆ ಅಧಿಕೃತ ಘೋಷಣೆ ಹೊರಡಿಸಲಿಲ್ಲ. ಶಿಫಾರಸು ಮಾಡಿ ಸಹಿ ಹಾಕದೇ ಇರುವ ಸಾಹೇಬರನ್ನು ನೀವು ನೋಡಿದ್ದೀರಿ ಅಲ್ವಾ?

ನನಗನ್ನಿಸುವ ಇನ್ನೊಂದು ಕಾರಣ ಇದೆ. ಆ ಸಂಸತ್ತಿನಲ್ಲಿ ಕೂತವರೆಲ್ಲ ಹೆಚ್ಚುಕಡಿಮೆ ಗಂಡಸರು, ಬಹುಪಾಲು ಅಪ್ಪಂದಿರು. ತಮ್ಮ ಹಾರ ತಾವೇ ಹಾಕಿಕೊಳ್ಳಲು ನಾಚಿಕೆ. ಅಮ್ಮನನ್ನು ಹೊಗಳಿದರೆ ಓಟು ಬರುತ್ತದೆ, ಅಪ್ಪನನ್ನು ಹೊಗಳಿದರೆ ಜನ ನಗುತ್ತಾರೆ. ಹಾಗಾಗಿ ಇಲ್ಲೂ ಬಾಯಿ ಬಿಟ್ಟವರು ಒಬ್ಬ ಹೆಂಗಸೇ. 1957ರಲ್ಲಿ ಮೇನ್ ರಾಜ್ಯದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಅವರು ಸಂಸತ್ತಿಗೆ ಒಂದು ಖಾರವಾದ ಕಾಗದ ಬರೆದರು. ನಲವತ್ತು ವರ್ಷದಿಂದ ತಂದೆಯರನ್ನು ಕಡೆಗಣಿಸಿದ್ದೀರಿ, ಗೌರವಿಸುವುದಾದರೆ ಇಬ್ಬರನ್ನೂ ಗೌರವಿಸಿ, ಇಲ್ಲವಾದರೆ ಯಾರನ್ನೂ ಬೇಡ ಅನ್ನುವುದು ಅದರ ಸಾರ. ಆಗಲೂ ಫೈಲು ಅಲುಗಲಿಲ್ಲ. 1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮೊದಲ ಘೋಷಣೆ ಹೊರಡಿಸಿದರು. 1972ರಲ್ಲಿ ರಿಚರ್ಡ್ ನಿಕ್ಸನ್ ಸಹಿಯೊಂದಿಗೆ ಅದು ಕಾನೂನಾಯಿತು.

ಆಗ ಸೊನೋರಾಗೆ ತೊಂಬತ್ತು ವರ್ಷ. ಅರವತ್ತೆರಡು ವರ್ಷ ಕಾದು, ಕೊನೆಗೂ ನೋಡಿದಳು. 1974ರಲ್ಲಿ ಸ್ಪೋಕ್ಯಾನಿನಲ್ಲಿ ವಿಶ್ವ ಮೇಳ ನಡೆದಾಗ ಅವಳಿಗೆ ಅಲ್ಲೂ ಸನ್ಮಾನ ಆಯಿತು. 1978ರಲ್ಲಿ, ತೊಂಬತ್ತಾರನೇ ವಯಸ್ಸಿನಲ್ಲಿ ತೀರಿಕೊಂಡಳು. ನಿಮ್ಮ ಇಲಾಖೆಯಲ್ಲಿ ಪಿಂಚಣಿಗೆ ಅಷ್ಟು ದಿನ ಕಾದವರು ಯಾರಾದರೂ ಇದ್ದರೆ ಬರೆಯಿರಿ.

ನನ್ನ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಜೂನ್‌ನಲ್ಲಿ ಎಲ್ಲರ ಮಕ್ಕಳೂ ಅಪ್ಪನಿಗೆ ಫೋನ್ ಮಾಡಿದ್ರೆ ಇವನು ಸೆಪ್ಟೆಂಬರ್‌ನಲ್ಲಿ ಮಾಡ್ತಾನೆ. ನಮ್ಮವರು ಮರೆತೇಬಿಟ್ಟ ಅಂತ ಮೂರು ತಿಂಗಳು ಮುಖ ಊದಿಸಿಕೊಂಡಿರ್ತಾರೆ.
– ಗೃಹಿಣಿ, ಮೈಸೂರು

ಮಗನದ್ದೇನೂ ತಪ್ಪಿಲ್ಲ ತಾಯಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅಪ್ಪಂದಿರ ದಿನ ಸೆಪ್ಟೆಂಬರಿನ ಮೊದಲ ಭಾನುವಾರವೇ. ಜೂನ್ ಅಮೆರಿಕದ ಲೆಕ್ಕ, ನಾವು ಅವರದ್ದನ್ನೇ ಹಿಡಿದುಕೊಂಡಿದ್ದೇವೆ. ಇಟಲಿ, ಸ್ಪೇನ್, ಪೋರ್ಚುಗಲ್ ಮುಂತಾದ ಕಡೆ ಮಾರ್ಚ್ 19, ಏಸುವನ್ನು ಸಾಕಿದ ಸಂತ ಜೋಸೆಫರ ದಿನ. ಥಾಯ್ಲೆಂಡಿನಲ್ಲಿ ಡಿಸೆಂಬರ್ 5, ಅವರ ಹಿಂದಿನ ರಾಜ ಭೂಮಿಬೋಲರ ಹುಟ್ಟುಹಬ್ಬ. ಸ್ವೀಡನ್, ಫಿನ್ಲೆಂಡ್ ಕಡೆ ನವೆಂಬರ್ ಎರಡನೇ ಭಾನುವಾರ. ಜರ್ಮನಿಯದ್ದು ತಮಾಷೆ. ಈಸ್ಟರ್ ಆದ ನಲವತ್ತನೇ ದಿನದ ಹೊತ್ತಿಗೆ ಬರುವ ಗುರುವಾರ, ಗಂಡಸರೆಲ್ಲ ಕೈಗಾಡಿಯಲ್ಲಿ ಬಿಯರ್ ಹೇರಿಕೊಂಡು ಕಾಡು ಮೇಡು ಸುತ್ತಲು ಹೊರಡುತ್ತಾರೆ. ಮಕ್ಕಳಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ನಿಮ್ಮವರಿಗೆ ಇದನ್ನು ಓದಿ ಹೇಳಲೂ ಬೇಡಿ.

ನನಗೆ ಹತ್ತಿರದ್ದು ಅನ್ನಿಸುವುದು ನೇಪಾಳದ್ದು. ಅಲ್ಲಿ ಕುಶೆ ಔಂಸಿ ಅಂತ ಒಂದು ಅಮಾವಾಸ್ಯೆ. ನಮ್ಮಲ್ಲಿ ಗಣಪತಿ ಹಬ್ಬಕ್ಕೆ ಮೊದಲು ಬರುವ ಬೆನಕನ ಅಮಾವಾಸ್ಯೆ ಇದೆಯಲ್ಲ, ಅದೇ ದಿನ. ಅಪ್ಪ ಬದುಕಿರುವವರು ಸಿಹಿ ತಗೊಂಡು ಹೋಗಿ ಕಾಲಿಗೆ ಬೀಳುತ್ತಾರೆ. ಇಲ್ಲದವರು ಕಠ್ಮಂಡು ಹತ್ತಿರ ಬಾಗ್ಮತಿ ನದಿ ದಡದ ಗೋಕರ್ಣೇಶ್ವರಕ್ಕೆ ಹೋಗಿ ಶ್ರಾದ್ಧ ಮಾಡುತ್ತಾರೆ. ಇದ್ದವರಿಗೂ ಇಲ್ಲದವರಿಗೂ ಒಂದೇ ದಿನ. ಸ್ಪೋಕ್ಯಾನಿನ ಕೆಂಪು ಬಿಳಿ ಗುಲಾಬಿಗಿಂತ ಎಷ್ಟೋ ಹಳೇ ಪದ್ಧತಿ. ನಮ್ಮಲ್ಲಿ ಸತ್ತ ಹಿರಿಯರಿಗೆ ಮಹಾಲಯ ಅಮಾವಾಸ್ಯೆ ಇದೆ, ಎಡೆ ಇದೆ. ಬದುಕಿರುವ ಅಪ್ಪನಿಗೆ ತಿಥಿ ಇಟ್ಟುಕೊಂಡು ಏನಾದರೂ ಮಾಡುವುದು ನಮ್ಮ ಕಡೆ ಕಡಿಮೆ. ಅದಕ್ಕೇ ಇರಬೇಕು, ಈ ಜೂನ್ ಭಾನುವಾರ ಇಷ್ಟು ಬೇಗ ಒಳಗೆ ಬಂದದ್ದು.

ನಿಮ್ಮವರಿಗೆ ವರ್ಷಕ್ಕೆ ಎರಡು ದಿನ ಅಂತ ಲೆಕ್ಕ ಹಾಕಿಬಿಡಿ. ಜೂನ್‌ನಲ್ಲಿ ನೀವು ಹೋಳಿಗೆ ಮಾಡಿ, ಸೆಪ್ಟೆಂಬರ್‌ನಲ್ಲಿ ಮಗ ಫೋನ್ ಮಾಡಲಿ.

ನಮ್ಮಪ್ಪನಿಗೆ ಏನು ಬೇಕು ಅಂದ್ರೆ ‘ಏನೂ ಬೇಡ’ ಅಂತಾರೆ. ಏನು ಕೊಡ್ಲಿ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಟಿ.ವಿ. ರಿಮೋಟು. ಒಂದಿಡೀ ಭಾನುವಾರ.

ನಮ್ಮಪ್ಪ ಕುಡುಕ. ಅಮ್ಮನಿಗೆ ಹೊಡೀತಿದ್ರು. ನಾನು ಬೆಳೆದದ್ದು ಸೋದರಮಾವನ ಮನೇಲಿ. ಈಗ ನನ್ನ ಮಗನಿಗೆ ಸ್ಕೂಲಲ್ಲಿ ‘ನನ್ನ ತಾತ, ನನ್ನ ಹೀರೋ’ ಅಂತ ಪ್ರಬಂಧ ಕೊಟ್ಟಿದ್ದಾರೆ. ಅವನು ನನ್ನನ್ನ ಕೇಳ್ತಿದ್ದಾನೆ. ಏನು ಹೇಳಲಿ?
– ಹೆಸರು ಬೇಡ ಅಂದ ಓದುಗರು, ಹಾವೇರಿ

ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಟೀಚರಾಗಿ ನಾನೂ ಇಂಥ ಪ್ರಬಂಧ ಕೊಟ್ಟವಳೇ. ಕೊಡುವಾಗ ಮೂವತ್ತು ಮನೆಗಳ ಬಾಗಿಲು ತೆಗೆಯುತ್ತಿದ್ದೇವೆ ಅಂತ ನಮ್ಮ ತಲೆಗೆ ಬರುವುದಿಲ್ಲ.

ಸುಳ್ಳು ಬರೆಸಬೇಡಿ. ಮಗ ನಿಮ್ಮ ಮಾವನ ಬಗ್ಗೆ ಬರೆಯಲಿ. ತಂಗಿಯ ಮಗುವನ್ನು ಮನೆಗೆ ಕರೆದುಕೊಂಡು ಬಂದು ತನ್ನ ಮಕ್ಕಳ ಪಕ್ಕದಲ್ಲಿ ತಟ್ಟೆ ಇಟ್ಟವರು ಅವರು. ನಿಮ್ಮ ಶಾಲೆಯ ಅರ್ಜಿಗೆ ಸಹಿ ಹಾಕಿದವರು, ನಿಮಗೆ ಜ್ವರ ಬಂದಾಗ ಎದ್ದು ಕೂತವರು ಅವರೇ ಅಲ್ವಾ? ಈ ದಿನ ಯಾಕೆ ಹುಟ್ಟಿತು ಅಂತ ಮೇಲೆ ಬರೆದಿದ್ದೇನೆ. ಸೊನೋರಾ ಮನವಿ ಕೊಟ್ಟದ್ದು ಹೆತ್ತ ಕಾರಣಕ್ಕಲ್ಲ, ಸಾಕಿದ ಕಾರಣಕ್ಕೆ. ಇಟಲಿಯವರು ತಮ್ಮ ಅಪ್ಪಂದಿರ ದಿನ ಮಾಡುವ ಜೋಸೆಫರನ್ನು ನೋಡಿ. ಕ್ರೈಸ್ತರ ನಂಬಿಕೆಯಲ್ಲಿ ಅವರು ಹಡೆದ ತಂದೆಯಲ್ಲ, ಬಡಗಿ ಕೆಲಸ ಮಾಡಿ ಮಗುವನ್ನು ಸಾಕಿದ ತಂದೆ. ಹಾಗಾಗಿ ನಿಮ್ಮ ಮಾವನಿಗೆ ಈ ದಿನದಲ್ಲಿ ಪೂರ್ತಿ ಪಾಲಿದೆ.

ಮಗನಿಗೆ ಎಷ್ಟು ಹೇಳಬೇಕು ಅನ್ನುವುದು ಅವನ ವಯಸ್ಸಿನ ಮೇಲೆ. ಚಿಕ್ಕವನಾದರೆ ‘ನನ್ನನ್ನ ಬೆಳೆಸಿದ್ದು ಮಾವ, ಆ ತಾತನ ಬಗ್ಗೆ ಬರಿ’ ಅಂದರೆ ಸಾಕು. ಯಾಕೆ ಅಂತ ಕೇಳಿದರೆ, ‘ನಮ್ಮಪ್ಪನಿಗೆ ಕುಡಿಯೋ ಚಟ ಇತ್ತು, ನಮ್ಮನ್ನ ನೋಡಿಕೊಳ್ಳಲಿಲ್ಲ’ ಅಂತ ಹೇಳಿ. ಮಕ್ಕಳು ನಿಜವನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ, ಮುಚ್ಚಿಟ್ಟದ್ದನ್ನು ಅಷ್ಟು ಚೆನ್ನಾಗಿ ಅಲ್ಲ. ಮೇಷ್ಟ್ರು ‘ತಾತ ಅಂದರೆ ಅಪ್ಪನ ಅಪ್ಪನೋ, ಅಮ್ಮನ ಅಪ್ಪನೋ ಆಗಬೇಕು’ ಅಂತ ಹಟ ಹಿಡಿದರೆ ನನ್ನ ಈ ಪುಟ ತೋರಿಸಿ. ಕ್ಷಮಿಸಬೇಕಾ ಬೇಡವಾ ಅಂತ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ. ಪ್ರಬಂಧ ಮುಗಿದ ಮೇಲೆ ಅದರ ಒಂದು ಪ್ರತಿ ಮಾವನಿಗೆ ಮುಟ್ಟಲಿ.

ನಾವು ಸಿಯಾಟಲ್‌ನಲ್ಲಿದ್ದೇವೆ. ಈ ಜೂನ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ. ಅಪ್ಪ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಫಾದರ್ಸ್ ಡೇ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ ಅಂತ ಗೊತ್ತಾಯ್ತು. ಅವರನ್ನ ಅಲ್ಲಿಗೆ ಕರ್ಕೊಂಡು ಹೋಗಬಹುದಾ?
– ಹುಬ್ಬಳ್ಳಿ ಮೂಲದ ಓದುಗರು, ಅಮೆರಿಕ

ಹೋಗಬಹುದು. ಸಿಯಾಟಲ್‌ನಿಂದ ಸ್ಪೋಕ್ಯಾನಿಗೆ ಸುಮಾರು 450 ಕಿಲೋಮೀಟರ್, ಪೂರ್ವಕ್ಕೆ. ಬೆಟ್ಟ ದಾಟಿ ಕೊಲಂಬಿಯಾ ನದಿ ದಾಟಿದರೆ ಆಚೆ ಪೂರಾ ಬಯಲು. ನೀವು ಹುಬ್ಬಳ್ಳಿ ಕಡೆಯವರು, ಆ ಬಯಲು ನಿಮ್ಮ ತಂದೆಗೆ ಬೇಜಾರಾಗಲಿಕ್ಕಿಲ್ಲ. ಊರಲ್ಲಿ ಸೊನೋರಾ ಬಾಳಿದ ಮನೆ ಇನ್ನೂ ನಿಂತಿದೆ, ಅದನ್ನು ಉಳಿಸಿಕೊಂಡಿದ್ದಾರೆ. ಹೊರಗಿನಿಂದ ನೋಡಿ. ಊರಿನ ನಡುವೆಯೇ ಜಲಪಾತ ಇದೆ, ಅದರ ಪಕ್ಕದ ಪಾರ್ಕಿನಲ್ಲೇ 1974ರ ಮೇಳ ನಡೆದದ್ದು. ಮಾನಿಟೋ ಪಾರ್ಕಿನಲ್ಲಿ ಗುಲಾಬಿ ತೋಟ ಇದೆ, ಅಮ್ಮನಿಗೆ ಹಿಡಿಸುತ್ತದೆ.

ಆದರೆ ನನ್ನ ಸಲಹೆ ಬೇರೆ. ದೊಡ್ಡ ಹೆದ್ದಾರಿ ಬಿಟ್ಟು 2ನೇ ನಂಬರಿನ ರಸ್ತೆ ಹಿಡಿಯಿರಿ. ಸ್ಪೋಕ್ಯಾನಿಗೆ ಇನ್ನೂ ತೊಂಬತ್ತು ಚಿಲ್ಲರೆ ಕಿಲೋಮೀಟರ್ ಇರುವಾಗ ಕ್ರೆಸ್ಟನ್ ಸಿಗುತ್ತದೆ. ವಿಲಿಯಂ ಸ್ಮಾರ್ಟ್ ಹೊಲ ಮಾಡಿದ್ದು ಆ ಕಡೆಯೇ. ಗೋಧಿಯ ಸೀಮೆ. ಅದಕ್ಕೂ ಸ್ವಲ್ಪ ಮೊದಲು ವಿಲ್ಬರ್ ಅನ್ನುವ ಊರು ಬರುತ್ತದೆ. ಅಲ್ಲಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರ್ ಹೋದರೆ ಗ್ರ್ಯಾಂಡ್ ಕೂಲಿ ಅಣೆಕಟ್ಟು. 1933ರಲ್ಲಿ ಕೆಲಸ ಶುರುವಾಗಿ 1942ರಲ್ಲಿ ಮುಗಿದದ್ದು, ಅಮೆರಿಕದ ಅತಿ ದೊಡ್ಡ ಕಾಂಕ್ರೀಟ್ ಕಟ್ಟೋಣಗಳಲ್ಲಿ ಒಂದು. ನೀರಾವರಿ ಎಂಜಿನಿಯರ್ ಅಂದಿರಿ. ಸೊನೋರಾ ಮನೆಯ ಮುಂದೆ ನಿಮ್ಮ ತಂದೆ ಐದು ನಿಮಿಷ ನಿಂತರೆ ಹೆಚ್ಚು. ಅಣೆಕಟ್ಟಿಗೆ ಅರ್ಧ ದಿನ ಇಟ್ಟುಕೊಳ್ಳಿ, ಗೇಟುಗಳ ಬಗ್ಗೆ ಅವರು ಹೇಳುವುದನ್ನೆಲ್ಲ ಕೇಳಿಸಿಕೊಳ್ಳಿ, ಮಧ್ಯೆ ಫೋನ್ ನೋಡಬೇಡಿ.